ಎರೆ ನೆಲದ ಮೇಲೊಂದು ಕಾಂಕ್ರೀಟ್ ಹಾಸು

ಮಣ್ಣು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಯಾವ ಯಂತ್ರವೂ ಬೇಡದ ಒಂದು ಪರೀಕ್ಷೆ ಇದೆ. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಸೋಸಿದ ಮಣ್ಣನ್ನು 10 ಗ್ರಾಂಗಳ ಎರಡು ಪಾಲು ಮಾಡುತ್ತಾರೆ. ಗೆರೆ ಗುರುತಿರುವ ಎರಡು ಗಾಜಿನ ಕೊಳವೆಗಳಿಗೆ ಒಂದೊಂದು ಪಾಲು ಸುರಿದು, ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ ಗಾಳಿಯ ಗುಳ್ಳೆ ಬಿಡಿಸಿ, 24 ಗಂಟೆ ಹಾಗೇ ಇಡುತ್ತಾರೆ. ಮರುದಿನ ಸೀಮೆಎಣ್ಣೆಯ ಕೊಳವೆಯಲ್ಲಿ ಮಣ್ಣು ತಳ ಸೇರಿ ಕೂತಿರುತ್ತದೆ. ಅದು ಬೆಂಗಳೂರಿನ ಕೆಂಪು ಮಣ್ಣಾಗಿದ್ದರೆ ನೀರಿನ ಕೊಳವೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ ಇರುತ್ತದೆ. ನವಲಗುಂದದ ಹೊಲದ ಎರೆ ಮಣ್ಣಾಗಿದ್ದರೆ ನೀರಿನ ಕೊಳವೆಯಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ಉಬ್ಬಿ ನಿಂತಿರುತ್ತದೆ. ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್ ಇದ್ದ ಮಣ್ಣು ನೀರಿನಲ್ಲಿ 20 ಆಗಿದ್ದರೆ ಅದರ ಮುಕ್ತ ಊತ ಶೇ 100. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗ ಹೇಳುವ ಪರೀಕ್ಷೆ ಇದೇ. ಶೇ 50 ದಾಟಿತೆಂದರೆ ಎಂಜಿನಿಯರುಗಳು ಆ ನೆಲವನ್ನು ಊದುವ ಮಣ್ಣು ಎಂದು ಗುರುತು ಹಾಕಿಕೊಳ್ಳುತ್ತಾರೆ.

ಹುಬ್ಬಳ್ಳಿಯ ಪೂರ್ವದ ಬಡಾವಣೆಗಳಲ್ಲಿ, ಗದಗ, ವಿಜಯಪುರ, ಕಲಬುರಗಿ, ರಾಯಚೂರುಗಳಲ್ಲಿ ಮನೆ ಕಟ್ಟಿಸುವವರು ಅಂಗಳದಲ್ಲಿ ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸುವಾಗ ಈ ಪರೀಕ್ಷೆ ಮಾಡಿಸುವುದು ತೀರ ಅಪರೂಪ. ಮನೆಯ ಬುನಾದಿಗೆ ಎಂಜಿನಿಯರನ್ನು ಕೇಳುತ್ತಾರೆ. ಅಂಗಳದ ಹಾಸಿಗೆ ಗೌಂಡಿಯನ್ನೂ ಸರಿಯಾಗಿ ಕೇಳುವುದಿಲ್ಲ. ಮನೆಯ ಕೆಲಸ ಮುಗಿದ ಮೇಲೆ ಉಳಿದ ಖಡಿ, ಉಳಿದ ಉಸುಕು, ಉಳಿದ ಸಿಮೆಂಟು ಸೇರಿಸಿ ಒಂದೇ ದಿನದಲ್ಲಿ ಹಾಕಿ ಮುಗಿಸಿದ ಹಾಸು ಎರಡನೇ ಬೇಸಿಗೆಗೆ ಸೀಳುತ್ತದೆ. ಆಗ ದೂರು ಹೋಗುವುದು ಸಿಮೆಂಟಿನ ಮೇಲೆ, ಇಲ್ಲವೇ ಗೌಂಡಿಯ ಮೇಲೆ. ಬಹಳಷ್ಟು ಸಲ ಇಬ್ಬರದೂ ತಪ್ಪಿರುವುದಿಲ್ಲ. ಸೀಳಿದ್ದು ನೀರು. ಅದೂ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ನೀರು.

ಅದು ಹೇಗೆಂದು ತಿಳಿಯಲು ಮಣ್ಣಿನ ಕಣದ ಒಳಕ್ಕೆ ಇಳಿಯಬೇಕು.

ಎರೆ ಮಣ್ಣಿಗೆ ಅದರ ಗುಣ ಕೊಡುವ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿನಿಂದ ಬಂದ ಹೆಸರು, 1847ರಷ್ಟು ಹಳೆಯದು. ಇದರ ಒಂದೊಂದು ಕಣವೂ ವೀಳ್ಯದೆಲೆಯ ಕಟ್ಟಿನ ಹಾಗೆ ತೆಳ್ಳನೆಯ ಹಾಳೆಗಳ ಜೋಡಣೆ. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪ್ರತಿ ಹಾಳೆಯಲ್ಲೂ ಮೂರು ಪದರಗಳಿವೆ: ಮೇಲೆ ಕೆಳಗೆ ಸಿಲಿಕದ ಎರಡು ಪದರ, ನಡುವೆ ಅಲ್ಯುಮಿನದ ಒಂದು ಪದರ. ನಡುವಿನ ಪದರದಲ್ಲಿ ಅಲ್ಲಲ್ಲಿ ಅಲ್ಯುಮಿನಿಯಂ ಇರಬೇಕಾದ ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತಿರುತ್ತದೆ. ಅಲ್ಯುಮಿನಿಯಂ ಅಯಾನಿಗೆ ಮೂರು ಧನ ವಿದ್ಯುದಂಶವಾದರೆ ಮೆಗ್ನೀಸಿಯಂಗೆ ಎರಡೇ. ಹೀಗೆ ಇಡೀ ಹಾಳೆಗೆ ಋಣ ವಿದ್ಯುದಂಶ ಉಳಿದುಬಿಡುತ್ತದೆ. ಅದನ್ನು ಸರಿದೂಗಿಸಲು ಹಾಳೆ ಹಾಳೆಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಬಂದು ಸೇರುತ್ತವೆ. ಈ ಅಯಾನುಗಳಿಗೆ ನೀರೆಂದರೆ ಬಲು ಸೆಳೆತ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಆದ್ದರಿಂದ ಅದು ಅಯಾನಿನ ಸುತ್ತ ಸಾಲುಗಟ್ಟಿ, ಹಾಳೆಗಳನ್ನು ಒಂದರಿಂದ ಒಂದು ಬಿಡಿಸಿ ಒಳಗೆ ನುಗ್ಗುತ್ತದೆ. ಸೀಮೆಎಣ್ಣೆಯ ಅಣುಗಳಲ್ಲಿ ಆ ಎರಡು ತುದಿಯ ಭೇದ ಇಲ್ಲ. ಕೊಳವೆಯಲ್ಲಿ ಮಣ್ಣು ಉಬ್ಬದೆ ಕೂತದ್ದು ಅದಕ್ಕೇ.

ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್. ಅದರ ಹಾಳೆಗಳನ್ನು ಹೈಡ್ರೋಜನ್ ಬಂಧಗಳು ಬಿಗಿಯಾಗಿ ಹಿಡಿದಿರುವುದರಿಂದ ನಡುವೆ ನೀರಿಗೆ ದಾರಿ ಸಿಗದು. ಒಂದು ಗ್ರಾಂ ಕೆಯೊಲಿನೈಟಿನ ಕಣಗಳ ಒಟ್ಟು ಮೇಲ್ಮೈ 10ರಿಂದ 20 ಚದರ ಮೀಟರ್. ಒಂದು ಗ್ರಾಂ ಶುದ್ಧ ಮಾಂಟ್‌ಮೊರಿಲೊನೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 800 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 8 ಗುಂಟೆ. ಚಿಟಿಕೆ ಮಣ್ಣಿನೊಳಗೆ ಎಂಟು ಗುಂಟೆ ಅಡಗಿದೆ, ಆ ಎಂಟು ಗುಂಟೆಯುದ್ದಕ್ಕೂ ನೀರು ಅಂಟಿಕೊಳ್ಳಬಲ್ಲುದು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಮಣ್ಣಿನ ಬಗ್ಗೆ ಬೆರಗೇ ಹುಟ್ಟುತ್ತದೆ.

ಈ ಖನಿಜ ಎಲ್ಲ ಕಡೆ ಹುಟ್ಟುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯ ಮೇಲೆ ಲಾವಾ ಹರಿದು ಹರಡಿ ಬಸಾಲ್ಟ್ ಶಿಲೆಯಾಯಿತು. ಬೆಳಗಾವಿಯ ಉತ್ತರ ಭಾಗ, ವಿಜಯಪುರ, ಕಲಬುರಗಿ, ಬೀದರಗಳ ಕೆಳಗೆ ಇರುವುದು ಅದೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳವಾಗಿರುವ ಆ ಶಿಲೆ ಸವೆದು ಮಣ್ಣಾಗುವಾಗ, ಮಳೆ ಕಡಿಮೆಯಾದ್ದರಿಂದ ಆ ಧಾತುಗಳು ಕೊಚ್ಚಿಹೋಗದೆ ಅಲ್ಲಿಯೇ ಉಳಿದು ಮಾಂಟ್‌ಮೊರಿಲೊನೈಟ್ ಆದವು. ಜೋರು ಮಳೆಯ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅವೆಲ್ಲ ತೊಳೆದುಹೋಗಿ ಕೆಯೊಲಿನೈಟ್, ಜಂಬಿಟ್ಟಿಗೆ ಕಲ್ಲು ಉಳಿದವು. ಬಸಾಲ್ಟ್ ಇಲ್ಲದ ಗದಗ, ರಾಯಚೂರುಗಳಲ್ಲೂ ಒಣ ಹವೆ ಮತ್ತು ತಗ್ಗು ಬಯಲು ಸೇರಿ ಹಳೆಯ ಶಿಲೆಗಳಿಂದಲೇ ಎರೆ ಮಣ್ಣು ಮೂಡಿದೆ. ಧಾರವಾಡ ಈ ಎರಡೂ ಲೋಕಗಳ ಗಡಿ. ಪಶ್ಚಿಮಕ್ಕೆ ಹೊರಟರೆ ಕೆಂಪು, ಪೂರ್ವಕ್ಕೆ ಹೊರಟರೆ ಕಪ್ಪು.

ನೀರನ್ನು ಹೀಗೆ ಹಿಡಿದಿಡುವ ಗುಣದಿಂದಲೇ ಹಿಂಗಾರಿ ಜೋಳ ಬೆಳೆಯುತ್ತದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆಮೇಲೆ ಮಳೆಯನ್ನು ಕಾಣುವುದೇ ಕಡಿಮೆ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಹೊಲ ಹಸಿರಾಗಿ ನಿಂತಿರುವುದು ಎರೆಯೊಳಗೆ ಉಳಿದ ತೇವದ ಮೇಲೆ. ಆ ತೇವ ಬೇಸಿಗೆಯಲ್ಲಿ ಆರಿದಾಗ ಹಾಳೆಗಳು ಮತ್ತೆ ಹತ್ತಿರ ಬಂದು ಮಣ್ಣು ಕುಗ್ಗುತ್ತದೆ, ನೆಲ ಬಾಯಿ ಬಿಡುತ್ತದೆ. ದನದ ಗೊರಸು ಸಿಕ್ಕಿಕೊಳ್ಳುವಷ್ಟು ಅಗಲದ, ಒಂದು ಮೀಟರಿಗೂ ಆಳದ ಬಿರುಕುಗಳು. ಮುಂಗಾರಿನ ಮೊದಲ ಮಳೆಗಳು ನೇರ ಆ ಬಿರುಕುಗಳಲ್ಲಿ ಇಳಿದು ಆಳದ ಮಣ್ಣನ್ನೂ ನೆನೆಸುತ್ತವೆ. ರೈತನಿಗೆ ಇದು ವರ. ಅದೇ ನೆಲದ ಮೇಲೆ ಅಲ್ಲಾಡದ ಒಂದು ಹಾಳೆ ಹಾಸಬೇಕೆಂದಾಗ ಕಷ್ಟ ಶುರುವಾಗುತ್ತದೆ.

ಹಾಸು ಸೀಳಿದ ಮನೆಯವರು ಮೊದಲು ಹೇಳುವ ಮಾತು, ಇನ್ನೂ ದಪ್ಪ ಹಾಕಿಸಬೇಕಿತ್ತು ಎಂದು. ಲೆಕ್ಕ ಹಾಕಿ ನೋಡೋಣ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 360 ಕಿಲೊ ತೂಗುತ್ತದೆ. ಒಂದೂವರೆ ಟನ್ನಿನ ಕಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗದಲ್ಲಿ ನಿಂತರೆ ಚದರ ಮೀಟರಿಗೆ 120 ಕಿಲೊ. ಎರಡೂ ಸೇರಿ ಅರ್ಧ ಟನ್ನಿಗೂ ಕಡಿಮೆ. ಉಬ್ಬದಂತೆ ಅದುಮಿ ಹಿಡಿದ ಎರೆ ಮಣ್ಣು ನೀರು ಕುಡಿದಾಗ ಮೇಲಕ್ಕೆ ಒತ್ತುವ ಬಲವಾದರೋ ಚದರ ಮೀಟರಿಗೆ 10 ಟನ್ ಇರುವುದು ಅಪರೂಪವೇನಲ್ಲ. ಬರೀ ತೂಕದಿಂದ ಅದನ್ನು ಒತ್ತಿ ಹಿಡಿಯಲು ನಾಲ್ಕು ಮೀಟರಿಗಿಂತ ದಪ್ಪದ ಕಾಂಕ್ರೀಟ್ ಬೇಕು. ದೊಡ್ಡ ಕಟ್ಟಡಗಳು ಎರೆ ನೆಲದಲ್ಲೂ ಗಟ್ಟಿಯಾಗಿ ನಿಂತಿರುವುದಕ್ಕೂ, ಅವುಗಳ ಮುಂದಿನ ಕಾಲುದಾರಿ, ಕಂಪೌಂಡ್ ಗೋಡೆ, ಪಾರ್ಕಿಂಗ್ ಹಾಸು ಸೀಳಿರುವುದಕ್ಕೂ ಇದೊಂದು ಕಾರಣ: ಈ ನೆಲದಲ್ಲಿ ಪೆಟ್ಟು ತಿನ್ನುವುದು ಹಗುರ ಕಟ್ಟಣೆ. ಅಮೆರಿಕದಲ್ಲಿ 1973ರಲ್ಲಿ ಜೋನ್ಸ್ ಮತ್ತು ಹೋಲ್ಟ್ಜ್ ಲೆಕ್ಕ ಹಾಕಿದಾಗ, ಪ್ರವಾಹ, ಚಂಡಮಾರುತ, ಸುಂಟರಗಾಳಿ, ಭೂಕಂಪ ಎಲ್ಲ ಸೇರಿ ಅಲ್ಲಿ ಮಾಡುವ ಹಾನಿಯ ಎರಡು ಪಟ್ಟಿಗಿಂತ ಹೆಚ್ಚು ಹಾನಿ ಊದುವ ಮಣ್ಣೊಂದರಿಂದಲೇ ಆಗುತ್ತದೆ ಎಂದು ಕಂಡಿತ್ತು.

ಆದರೂ ನೆಲವೆಲ್ಲ ಒಂದೇ ಸಮನೆ ಎರಡು ಸೆಂಟಿಮೀಟರ್ ಎದ್ದು ಒಂದೇ ಸಮನೆ ಇಳಿದರೆ ಹಾಸಿಗೆ ಏನೂ ಆಗುವುದಿಲ್ಲ. ಆಗುವುದು ಬೇರೆ. ಕಾಂಕ್ರೀಟ್ ಹಾಸಿದ ದಿನದಿಂದ ಅದರ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದು ನಿಲ್ಲುತ್ತದೆ. ತೇವ ಆವಿಯಾಗಲು ದಾರಿಯಿಲ್ಲ, ಆಳದಿಂದ ಮೇಲೇರುವ ತೇವ ಅಲ್ಲೇ ತಂಗುತ್ತದೆ. ಒಂದೆರಡು ವರ್ಷಗಳಲ್ಲಿ ನಡುಭಾಗ ಒಂದು ಬಗೆಯ ಸ್ಥಿರ ತೇವಕ್ಕೆ ಬಂದು ನಿಲ್ಲುತ್ತದೆ. ಅಂಚಿನ ಮಣ್ಣು ಮಾತ್ರ ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಒಣಗುತ್ತಲೇ ಇರುತ್ತದೆ. ಜುಲೈಯಲ್ಲಿ ಅಂಚು ಎದ್ದು ನಡುಭಾಗಕ್ಕೆ ಆಸರೆ ತಪ್ಪುತ್ತದೆ. ಏಪ್ರಿಲಿನಲ್ಲಿ ಅಂಚು ಕುಗ್ಗಿ, ಹಾಸಿನ ತುದಿ ಗಾಳಿಯಲ್ಲಿ ಚಾಚಿಕೊಂಡಂತಾಗುತ್ತದೆ. ಅದರ ಮೇಲೆ ಚಕ್ರ ಹತ್ತಿದರೆ ಮುರಿಯದೆ ಇನ್ನೇನು?

ಹಾಗಾಗಿ ಎರೆ ನೆಲದಲ್ಲಿ ಬಾಳಿಕೆ ಬರುವ ಪಾರ್ಕಿಂಗ್ ಎಂದರೆ, ನನ್ನ ಮಟ್ಟಿಗೆ, ಕೆಳಗಿನ ತೇವವನ್ನು ಒಂದೇ ಸಮ ಇಡುವ ಕೆಲಸ. ಕಾಂಕ್ರೀಟಿಗೆ ಸುರಿಯುವ ಹೆಚ್ಚುವರಿ ಹಣವನ್ನು ಅದರ ಕೆಳಕ್ಕೂ ಅದರ ಸುತ್ತಕ್ಕೂ ಸುರಿಯಬೇಕು.

ಕೆಳಗಿನಿಂದ ಶುರುಮಾಡೋಣ. ಎರೆಯನ್ನು ಒಂದಿಷ್ಟು ಆಳಕ್ಕೆ ತೆಗೆದು ಬೇರೆ ಮಣ್ಣು ತುಂಬುವುದು ಎಲ್ಲರಿಗೂ ಹೊಳೆಯುವ ದಾರಿ. ಏನನ್ನು ತುಂಬಬೇಕು ಎನ್ನುವಲ್ಲೇ ದೊಡ್ಡ ತಪ್ಪು ಆಗುವುದು. ಉಸುಕು ಊದುವುದಿಲ್ಲ, ಕುಗ್ಗುವುದಿಲ್ಲ, ಆದ್ದರಿಂದ ಅರ್ಧ ಮೀಟರ್ ಉಸುಕು ತುಂಬಿಸಿದರೆ ಸಾಕು ಎನ್ನುತ್ತಾರೆ. ಸುತ್ತಲೂ ತಳದಲ್ಲೂ ನೀರಿಳಿಯದ ಜಿಗುಟು ಎರೆ, ನಡುವೆ ಉಸುಕು. ಹಾಸಿನ ಸಂದಿಗಳಿಂದ ಇಳಿದ ನೀರೆಲ್ಲ ಆ ಉಸುಕಿನಲ್ಲಿ ನಿಂತು, ತಳದ ಎರೆಗೆ ವಾರಗಟ್ಟಲೆ ಉಣಿಸುತ್ತದೆ. ಊತ ಕಡಿಮೆ ಮಾಡಲು ಹಾಕಿದ ಪದರವೇ ಊತಕ್ಕೆ ನೀರು ಒದಗಿಸುವ ಹೊಂಡವಾಗುತ್ತದೆ. ಬರೀ ಖಡಿ ತುಂಬಿಸಿದರೂ ಇದೇ ಗತಿ.

ಇದಕ್ಕೆ ಒಳ್ಳೆಯ ಉತ್ತರ ಹುಡುಕಿದವರು ಮುಂಬಯಿಯ ಐಐಟಿಯಲ್ಲಿದ್ದ ಪ್ರಾಧ್ಯಾಪಕ ಆರ್.ಕೆ. ಕಟ್ಟಿ. ಅವರ ಸಂಶೋಧನೆಯ ಫಲ ಮೊದಮೊದಲು ನೆಲಕ್ಕಿಳಿದ ಕಡೆಗಳಲ್ಲಿ ಮಲಪ್ರಭಾ ಯೋಜನೆಯ ಕಾಲುವೆಗಳೂ ಸೇರಿವೆ ಎಂಬುದು ನಮಗೆ ಹೆಮ್ಮೆಯ ವಿಷಯ. ನವಿಲುತೀರ್ಥದಿಂದ ಹೊರಟ ಬಲದಂಡೆ ಕಾಲುವೆ ನರಗುಂದ, ನವಲಗುಂದದ ಅಪ್ಪಟ ಎರೆ ಭೂಮಿಯಲ್ಲಿ ಹಾಯುತ್ತದೆ. ಊದುವ ಮಣ್ಣಿನ ಮೇಲೆ ಕಾಲುವೆಗೆ ಹಾಸಿದ ಕಲ್ಲಿನ, ಕಾಂಕ್ರೀಟಿನ ಒಳಪದರ ಹೇಗೆ ತಾಳಬೇಕು? ನೀರು ಹರಿಯುವುದೇ ಅದರ ಕೆಲಸವಲ್ಲವೇ? ಕಟ್ಟಿಯವರು ಸೂಚಿಸಿದ್ದು ಅಂಟು ಇರುವ, ಆದರೆ ಊದದ ಮಣ್ಣಿನ ಪದರ. ಮಸಾರಿ ಮಣ್ಣು, ಕೆಂಪು ಜೇಡಿ ಬೆರೆತ ಗರಸು ಇಂಥವು. ಇವುಗಳಲ್ಲೂ ಜೇಡಿಯ ಕಣಗಳಿವೆ, ಆದರೆ ಅವು ಕೆಯೊಲಿನೈಟಿನಂಥ ಊದದ ಖನಿಜದವು. ಆ ಜೇಡಿ ಪದರವನ್ನು ಒಂದಾಗಿ ಬೆಸೆದು ಹಿಡಿಯುತ್ತದೆ, ನೀರು ಬಿರುಸಾಗಿ ಇಳಿಯದಂತೆ ತಡೆಯುತ್ತದೆ. ಪ್ರಯೋಗಗಳಲ್ಲಿ ಈ ಪದರದ ದಪ್ಪ ಹೆಚ್ಚಿಸುತ್ತ ಹೋದಂತೆ ಮೇಲಿನ ಉಬ್ಬು ಮೊದಲು ಬೇಗಬೇಗ, ಆಮೇಲೆ ನಿಧಾನವಾಗಿ ಇಳಿಯಿತು. ಸುಮಾರು ಒಂದು ಮೀಟರಿಗೆ ಬಂದಾಗ ಉಬ್ಬು ಬಹುಮಟ್ಟಿಗೆ ಇಲ್ಲವಾಯಿತು. ಊದುವ ಮಣ್ಣಿನಲ್ಲಿ ಕಾಲುವೆಗೆ ಒಳಪದರ ಹಾಕುವ ಮಾನಕ ಐಎಸ್ 9451 ಈ ವಿಧಾನವನ್ನೇ ಒಪ್ಪಿಕೊಂಡಿದೆ.

ಮನೆಯ ಅಂಗಳಕ್ಕೆ ಒಂದು ಮೀಟರ್ ಅಗೆದು ತುಂಬಿಸುವುದು ಎಲ್ಲರ ಕೈಗೂ ಎಟುಕದು. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗಕ್ಕೆ ನೂರು ಘನ ಮೀಟರ್ ಮಣ್ಣು ಹೊರಹೋಗಬೇಕು, ಅಷ್ಟೇ ಗಟ್ಟಿ ಮಣ್ಣು ಒಳಬರಬೇಕು. ಉಬ್ಬು ಮೊದಲಲ್ಲಿ ಬೇಗ ಇಳಿಯುತ್ತದೆ ಎಂಬ ಅಂಶ ಇಲ್ಲಿ ನೆರವಿಗೆ ಬರುತ್ತದೆ. ಅರ್ಧ ಮೀಟರಿನ ಒಳ್ಳೆಯ ಮಸಾರಿ ಪದರ, ಹಾಸಿನ ಅಂಚಿನಿಂದ ಆಚೆಗೂ ಮುಕ್ಕಾಲು ಮೀಟರ್ ಚಾಚಿದ್ದರೆ, ಕಾರು ನಿಲ್ಲುವ ಜಾಗಕ್ಕೆ ಅದು ನ್ಯಾಯವಾದ ರಾಜಿ ಎಂದು ನಾನು ತಿಳಿಯುತ್ತೇನೆ. ಗುಂಡಿಯ ತಳವನ್ನು ಮಟ್ಟಸವಾಗಿ ಬಿಡದೆ ಒಂದು ಬದಿಗೆ ಇಳಿಜಾರು ಕೊಡಬೇಕು. ಮಣ್ಣನ್ನು 15 ಸೆಂಟಿಮೀಟರಿನ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ರೋಲರ್ ಇಲ್ಲವೇ ಪ್ಲೇಟ್ ಕಂಪ್ಯಾಕ್ಟರಿನಿಂದ ದಿಮ್ಮಿಸಬೇಕು.

ಇನ್ನೊಂದು ದಾರಿ ಸುಣ್ಣ. ಅರಳಿದ ಸುಣ್ಣದ ಪುಡಿಯನ್ನು ಎರೆಗೆ ಬೆರೆಸಿದಾಗ ಎರಡು ಕೆಲಸ ಆಗುತ್ತವೆ. ಕೆಲವೇ ಗಂಟೆಗಳಲ್ಲಿ ಸುಣ್ಣದ ಕ್ಯಾಲ್ಸಿಯಂ ಹಾಳೆಗಳ ನಡುವಿನ ಸೋಡಿಯಮ್ಮನ್ನು ಹೊರದೂಡಿ ತಾನು ಕೂರುತ್ತದೆ. ಎರಡು ವಿದ್ಯುದಂಶದ ಕ್ಯಾಲ್ಸಿಯಂ ಹಾಳೆಗಳನ್ನು ಬಿಗಿಯಾಗಿ ಹಿಡಿಯುವುದರಿಂದ ಜಿಗುಟು ಮಣ್ಣು ಉದುರು ಉದುರಾಗುತ್ತದೆ. ನಿನ್ನೆ ಚಪ್ಪಲಿಗೆ ಮೆತ್ತುತ್ತಿದ್ದ ಎರೆ ಇವತ್ತು ಕೈಯಲ್ಲಿ ಹುಡಿಯಾಗುವುದನ್ನು ಕಣ್ಣಾರೆ ಕಾಣಬಹುದು. ಎರಡನೆಯದು ನಿಧಾನದ್ದು. ಸುಣ್ಣ ಮಣ್ಣಿನ ಕ್ಷಾರತೆಯನ್ನು ಪಿಎಚ್ 12.4ರವರೆಗೆ ಏರಿಸುತ್ತದೆ. ಅಷ್ಟು ಕ್ಷಾರದಲ್ಲಿ ಜೇಡಿಯ ಸಿಲಿಕ, ಅಲ್ಯುಮಿನಗಳು ಕರಗಿ, ಸುಣ್ಣದೊಂದಿಗೆ ಸೇರಿ, ಸಿಮೆಂಟಿನಲ್ಲಿ ಉಂಟಾಗುವಂಥದೇ ಗಟ್ಟಿ ಬಂಧಕವಾಗುತ್ತವೆ. ಇದು ವಾರಗಳು, ತಿಂಗಳುಗಳ ಕಾಲ ನಡೆಯುವ ಕ್ರಿಯೆ. ಎಷ್ಟು ಸುಣ್ಣ ಬೇಕೆಂದು ತಿಳಿಯಲು ಈಡ್ಸ್ ಮತ್ತು ಗ್ರಿಮ್ 1966ರಲ್ಲಿ ಕೊಟ್ಟ ಸುಲಭ ಪರೀಕ್ಷೆ ಇದೆ: ಬೇರೆ ಬೇರೆ ಪ್ರಮಾಣದ ಸುಣ್ಣ ಬೆರೆಸಿದ ಮಣ್ಣಿನ ನೀರಿನಲ್ಲಿ ಪಿಎಚ್ 12.4 ಮುಟ್ಟಿಸುವ ಅತಿ ಕಡಿಮೆ ಪ್ರಮಾಣ ಯಾವುದೋ ಅದೇ ಸರಿಯಾದದ್ದು. ಸಾಮಾನ್ಯವಾಗಿ ಒಣ ಮಣ್ಣಿನ ತೂಕದ ಶೇ 3ರಿಂದ 6. ನೂರು ಚದರ ಮೀಟರ್ ಜಾಗದಲ್ಲಿ 20 ಸೆಂಟಿಮೀಟರ್ ಆಳದ ಎರೆ ಸುಮಾರು 30 ಟನ್ ಇದ್ದೀತು. ಶೇ 4ರ ಲೆಕ್ಕಕ್ಕೆ 1,200 ಕಿಲೊ ಸುಣ್ಣ. ಬೆರೆಸಿ, ತೇವ ಮಾಡಿ, ಒಂದೆರಡು ದಿನ ಹದಗೊಳ್ಳಲು ಬಿಟ್ಟು, ಮತ್ತೊಮ್ಮೆ ಬೆರೆಸಿ ದಿಮ್ಮಿಸಬೇಕು. ಸುಣ್ಣದ ಧೂಳು ಕಣ್ಣು, ಶ್ವಾಸಕೋಶ ಎರಡನ್ನೂ ಸುಡುತ್ತದೆ. ಕೆಲಸದವರಿಗೆ ಕನ್ನಡಕ, ಮುಖಕವಚ, ಕೈಗವಸು ಕೊಡದೆ ಈ ಕೆಲಸ ಮಾಡಿಸಲೇಬಾರದು. ಮಣ್ಣಿನಲ್ಲಿ ಜಿಪ್ಸಂ ಹೆಚ್ಚಿದ್ದರೆ ಸುಣ್ಣದ ಗೊಡವೆ ಬೇಡ. ಸಲ್ಫೇಟ್ ಮತ್ತು ಸುಣ್ಣ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳುಗಳು ಬೆಳೆದು, ಮೊದಲಿಗಿಂತ ಹೆಚ್ಚು ಉಬ್ಬಿಸುತ್ತವೆ. ಹೆಸರುವಾಸಿ ಎಂಜಿನಿಯರುಗಳೂ ಈ ಪಾಠವನ್ನು ಅಮೆರಿಕದ ಲಾಸ್ ವೇಗಸ್ಸಿನ ಒಂದು ರಸ್ತೆ ಉಬ್ಬಿ ಹಾಳಾದ ಮೇಲೆ ಕಲಿತರು.

ಯಾವಾಗ ಹಾಸಬೇಕು? ಬಹಳ ಜನ ಮೇ ತಿಂಗಳು ಆರಿಸಿಕೊಳ್ಳುತ್ತಾರೆ, ಮಳೆಯ ಅಡ್ಡಿಯಿಲ್ಲ ಎಂದು. ಎರೆ ನೆಲಕ್ಕೆ ಅದಕ್ಕಿಂತ ಕೆಟ್ಟ ತಿಂಗಳಿಲ್ಲ. ಆಗ ಮಣ್ಣು ತನ್ನ ಅತಿ ಕುಗ್ಗಿದ ಸ್ಥಿತಿಯಲ್ಲಿದೆ, ಬಿರುಕುಗಳು ತೆರೆದಿವೆ. ಅದರ ಮೇಲೆ ಹಾಸಿದರೆ ಮುಂದೆ ಆಗುವುದು ಊತವೊಂದೇ. ನವೆಂಬರ್ ಡಿಸೆಂಬರ್ ಒಳ್ಳೆಯದು. ಮಳೆಯ ತೇವ ಆಳಕ್ಕೆ ಇಳಿದು ಹರಡಿರುತ್ತದೆ, ಹಾಸಿನ ಕೆಳಗೆ ಮುಂದೆ ನೆಲೆಗೊಳ್ಳಲಿರುವ ತೇವಕ್ಕೆ ಅದು ಹತ್ತಿರ. ತಳದ ಎರೆಯನ್ನು ಒಣಗಿದ್ದಾಗ ಬಡಿದು ಬಡಿದು ಗಟ್ಟಿ ಮಾಡುವುದೂ ತಪ್ಪೇ. ಒಣ ಸ್ಥಿತಿಯಲ್ಲಿ ಒತ್ತಾಗಿ ಅದುಮಿದ ಊದುವ ಮಣ್ಣು ನೀರು ಸಿಕ್ಕಾಗ ಹೆಚ್ಚು ಬಲದಿಂದ ಊದುತ್ತದೆ. ಹದಕ್ಕಿಂತ ತುಸು ಹೆಚ್ಚೇ ತೇವವಿರುವಾಗ ಮಿತವಾಗಿ ದಿಮ್ಮಿಸುವುದು ಕ್ಷೇಮ. ರಸ್ತೆಯ ಬೇರೆ ಮಣ್ಣುಗಳಿಗೆ ಅನ್ವಯಿಸುವ ನಿಯಮಕ್ಕೆ ಇದು ಉಲ್ಟಾ ಆದ್ದರಿಂದ ರೋಲರ್ ಓಡಿಸುವವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು ಸುತ್ತಲಿನ ನೀರು. ಹಾಸಿಗೆ ಮನೆಯಿಂದ ಹೊರಕ್ಕೆ ಶೇ 1.5ರಿಂದ 2ರ ಇಳಿಜಾರು ಬೇಕು, ಅಂದರೆ 10 ಮೀಟರಿಗೆ 15ರಿಂದ 20 ಸೆಂಟಿಮೀಟರ್. ಆ ನೀರು ಅಂಚಿನಲ್ಲಿ ಇಂಗದೆ ಗಟ್ಟಿ ತಳದ ಚರಂಡಿಗೆ ಬಿದ್ದು ಹೊರಹೋಗಬೇಕು. ಮಾಳಿಗೆಯ ನೀರಿನ ಪೈಪು ಹಾಸಿನ ಮೂಲೆಯಲ್ಲಿ ತಂದು ಬಿಟ್ಟಿರುವುದನ್ನು ಊರೂರಲ್ಲೂ ಕಾಣುತ್ತೇನೆ. ಒಂದೇ ಮಳೆಗೆ ಆ ಮೂಲೆ ಸಾವಿರಾರು ಲೀಟರ್ ಕುಡಿಯುತ್ತದೆ. ಸೋರುವ ನಲ್ಲಿ, ಕಾರು ತೊಳೆಯುವ ಜಾಗ, ಇಂಗು ಗುಂಡಿ, ಎಲ್ಲವೂ ಇದೇ ಸಾಲಿನವು. ಮಳೆನೀರು ಇಂಗಿಸುವುದು ಪುಣ್ಯದ ಕೆಲಸವೇ, ಆದರೆ ಎರೆ ನೆಲದಲ್ಲಿ ಗುಂಡಿ ಹಾಸಿನಿಂದ ದೂರ ಇರಲಿ. ಅಂಚಿನುದ್ದಕ್ಕೂ 45ರಿಂದ 60 ಸೆಂಟಿಮೀಟರ್ ಆಳಕ್ಕೆ ಇಳಿಬಿಟ್ಟ ಕಾಂಕ್ರೀಟ್ ಪಟ್ಟಿಯೊಂದು ತೇವದ ಏರಿಳಿತವನ್ನು ಒಳಗೆ ಬಿಡದೆ ತಡೆಯಬಲ್ಲುದು. ಅದರ ಹೊರಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದು ಮೀಟರಿನಷ್ಟು ಆಳಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಮರಗಳ ವಿಷಯ ಮನಸ್ಸಿಗೆ ಕಷ್ಟ ಕೊಡುವಂಥದು. ಬೇವು, ಅರಳಿ, ಗುಲ್ಮೊಹರ್ ಬೇಸಿಗೆಯಲ್ಲಿ ಬೇರಿನಿಂದ ತೇವವನ್ನು ಹೀರಿ ಒಂದು ಬದಿಯನ್ನು ಮಾತ್ರ ಕುಗ್ಗಿಸುತ್ತವೆ. ಬೆಳೆದ ಮರದ ಎತ್ತರದಷ್ಟಾದರೂ ದೂರದಲ್ಲಿ ಹಾಸು ಇರಬೇಕು. ಇರುವ ಮರವನ್ನು ಕಡಿಯುವುದು ಪರಿಹಾರವಲ್ಲ. ಮರ ಹೋದ ಮೇಲೆ ಅಲ್ಲಿ ವರ್ಷಗಟ್ಟಲೆ ತೇವ ಮರಳಿ ಬಂದು ನೆಲ ಏಳುತ್ತದೆ. ಹಾಸನ್ನೇ ಮರದಿಂದ ದೂರ ಸರಿಸಿ.

ಇಷ್ಟಾದ ಮೇಲೆ ಕಾಂಕ್ರೀಟ್. ಬರೀ ಕಾರುಗಳಿಗೆ 12.5 ಸೆಂಟಿಮೀಟರ್ ದಪ್ಪ ಸಾಕು. ಬಾಗುವಿಕೆಯನ್ನು ತಾಳುವ ಶಕ್ತಿ ದಪ್ಪದ ವರ್ಗದಂತೆ ಏರುತ್ತದೆ. 10ರ ಬದಲು 12.5 ಹಾಕಿದರೆ ಕಾಲು ಭಾಗ ಹೆಚ್ಚು ಕಾಂಕ್ರೀಟಿಗೆ ಒಂದೂವರೆ ಪಟ್ಟು ಮಿಕ್ಕಿದ ಶಕ್ತಿ ಸಿಗುತ್ತದೆ. ನೀರಿನ ಟ್ಯಾಂಕರ್ ಒಳಬರುವುದಿದ್ದರೆ 15ಕ್ಕಿಂತ ಕಡಿಮೆ ಬೇಡ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪ್ರಯೋಗದಿಂದ ತಿಳಿದದ್ದು, ಹಾಸಿಗೆ ಆಗುವ ಸವೆತ ಅಚ್ಚಿನ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂದು. ಕಾರಿನ ಒಂದು ಅಚ್ಚಿನ ಮೇಲೆ ಮುಕ್ಕಾಲು ಟನ್, ತುಂಬಿದ ಟ್ಯಾಂಕರಿನ ಹಿಂದಿನ ಅಚ್ಚಿನ ಮೇಲೆ 6 ಟನ್ ಎಂದರೆ ಎಂಟು ಪಟ್ಟು ಭಾರ, ನಾಲ್ಕು ಸಾವಿರ ಪಟ್ಟು ಸವೆತ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಊರುಗಳಲ್ಲಿ ಟ್ಯಾಂಕರ್ ಬಾರದ ಓಣಿ ಇಲ್ಲ. ಅದೂ ಬರುವುದು ಅಂಚಿನ ಮಣ್ಣು ಕುಗ್ಗಿ ಆಸರೆ ತಪ್ಪಿರುವ ತಿಂಗಳುಗಳಲ್ಲೇ.

ಮಿಶ್ರಣಕ್ಕೆ ಎಂ25 ದರ್ಜೆ, ಸಾಧ್ಯವಾದರೆ ಎಂ30. ಐವತ್ತು ಕಿಲೊ ಸಿಮೆಂಟಿಗೆ ಉಸುಕಿನಲ್ಲಿರುವ ತೇವವೂ ಸೇರಿ 25 ಲೀಟರ್ ಮೀರದ ನೀರು. ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟಂತೆ, ಹೆಚ್ಚು ನೀರು ಎಂದರೆ ಕಡಿಮೆ ಬಲ. ಸಿಮೆಂಟಿನೊಂದಿಗೆ ಸೇರದೆ ಉಳಿದ ನೀರು ಆರಿಹೋದಾಗ ಅದರ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಸುರಿಯಲು ಸುಲಭವಾಗಲೆಂದು ಕೊನೆಯಲ್ಲಿ ಎರೆಯುವ ಒಂದು ಬಕೆಟ್ಟು ನೀರು ಇಡೀ ಹಾಸಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಕಬ್ಬಿಣದ ಜಾಲರಿ ಹಾಕುವುದಾದರೆ ಕವರ್ ಬ್ಲಾಕ್ ಇಟ್ಟು, ದಪ್ಪದ ಮೇಲಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಬೇಕು. ನೆಲಕ್ಕೆ ಅಂಟಿ ಮಲಗಿದ ಜಾಲರಿ ಹಣದ ದಂಡ.

ಸಂದಿಗಳ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಮನೆಯವರಿಗೆ ಇಷ್ಟವಾಗದ ಭಾಗ ಇದೇ. ಸೊಗಸಾದ ಒಂದೇ ಹಾಸನ್ನು ಗರಗಸದಿಂದ ಕೊಯ್ಯುವುದೇಕೆ ಎಂದು ಕೇಳುತ್ತಾರೆ. ಕಾಂಕ್ರೀಟ್ ಆರುವಾಗ ಸುಮಾರು ಹತ್ತು ಸಾವಿರದಲ್ಲಿ ಮೂರು ಪಾಲು ಕುಗ್ಗುತ್ತದೆ, 10 ಮೀಟರಿಗೆ 3 ಮಿಲಿಮೀಟರ್. ನೆಲದ ಘರ್ಷಣೆ ಅದನ್ನು ಕುಗ್ಗಲು ಬಿಡುವುದಿಲ್ಲ. ಹೀಗೆ ಎಳೆದು ಹಿಡಿದಾಗ ಕಾಂಕ್ರೀಟ್ ಹಿಗ್ಗಿ ತಾಳಬಲ್ಲುದು ಹತ್ತು ಸಾವಿರದಲ್ಲಿ ಒಂದು ಪಾಲು, ಒಂದೂವರೆ ಪಾಲು ಮಾತ್ರ. ಸೀಳುವುದು ಖಚಿತ. ಎಲ್ಲಿ ಸೀಳಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ದಪ್ಪದ 24ರಿಂದ 30 ಪಟ್ಟು ದೂರಕ್ಕೊಂದು, ಅಂದರೆ 15 ಸೆಂಟಿಮೀಟರ್ ಹಾಸಿಗೆ ನಾಲ್ಕು ಮೀಟರಿನ ಆಸುಪಾಸಿಗೊಂದು ಸಂದಿ, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ. ಸಂದಿಗಳ ನಡುವಿನ ಮನೆಗಳು ಚೌಕಕ್ಕೆ ಹತ್ತಿರವಿರಲಿ. ಕೊಯ್ತ ಹಾಸಿದ ದಿನವೇ ಆಗಬೇಕು. ಬಿಸಿಲ ನಾಡಿನಲ್ಲಿ ನಾಳೆ ನೋಡೋಣ ಎಂದರೆ ಬಿರುಕು ರಾತ್ರಿಯೇ ತನ್ನ ದಾರಿ ಹುಡುಕಿಕೊಂಡಿರುತ್ತದೆ. ಗೋಡೆ, ಕಂಬಗಳಿಗೆ ಹಾಸು ಅಂಟದಂತೆ ನಡುವೆ ಮೆತ್ತನೆಯ ಹಲಗೆ ಬಿಡಬೇಕು. ಕಂಬ ಕದಲದೆ ನಿಂತಿರುವಾಗ ಹಾಸಿಗೆ ಏರಿಳಿಯಲು ಬಿಡುವು ಬೇಕು. ಕೊಯ್ದ ಸಂದಿಗಳಿಗೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿ, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಎರೆ ನೆಲದಲ್ಲಿ ತೆರೆದ ಸಂದಿ ಎಂದರೆ ಕೆಳಗಿನ ಮಣ್ಣಿಗೆ ನೀರುಣಿಸುವ ಕಾಲುವೆ.

ಕ್ಯೂರಿಂಗಿಗೆ ನಮ್ಮಲ್ಲಿ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಒಣ ಹವೆಯಲ್ಲಿ 10 ದಿನಕ್ಕಾದರೂ ಕಾಂಕ್ರೀಟ್ ಹಸಿಯಾಗಿರಬೇಕು ಎಂಬುದು ಸರಿಯೇ. ಆದರೆ ಬದು ಒಡೆದು ಅಂಚಿನಲ್ಲಿ ಇಳಿಯುವ ಆ ನೀರು ಎರೆಗೆ ಮೊದಲ ದಿನದಿಂದಲೇ ಉಣಿಸುತ್ತದೆ. ಹಸಿ ಗೋಣಿಚೀಲ ಹೊದಿಸಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ನೀರೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ.

ಈಗಾಗಲೇ ಹಾಸು ಸೀಳಿರುವವರು ಒಡೆದು ಹಾಕುವ ಮೊದಲು ಬಿರುಕನ್ನು ಓದಬೇಕು. ಮೈತುಂಬ ಕೂದಲೆಳೆಯಂಥ ಗೀರುಗಳು ಬಲೆಯಾಗಿ ಹರಡಿದ್ದರೆ ಅದು ಹಾಸಿದ ದಿನದ ಬಿಸಿಲು, ಗಾಳಿ ಮಾಡಿದ್ದು. ನೋಡಲು ಚೆನ್ನಾಗಿಲ್ಲ, ಅಪಾಯವೂ ಇಲ್ಲ. ನಟ್ಟನಡುವೆ ಹೆಚ್ಚುಕಡಿಮೆ ನೇರವಾಗಿ ಸೀಳಿದ್ದರೆ ಸಂದಿ ಕೊಯ್ಯದ್ದು, ಇಲ್ಲವೇ ತಡವಾಗಿ ಕೊಯ್ದದ್ದು. ಅದನ್ನು ಅಗಲಿಸಿ ಸೀಲಂಟ್ ತುಂಬಿ ಸಂದಿಯೆಂದೇ ಬಳಸಬಹುದು. ಮೂಲೆ ತ್ರಿಕೋನವಾಗಿ ಮುರಿದಿದ್ದರೆ ಭಾರದ ಚಕ್ರ, ಜೊತೆಗೆ ಕೆಳಗೆ ಟೊಳ್ಳು. ವೆಸ್ಟರ್‌ಗಾರ್ಡ್ 1926ರಲ್ಲಿ ಗಣಿತದಿಂದ ತೋರಿಸಿದಂತೆ ಹಾಸಿನ ಮೂಲೆ, ಅಂಚುಗಳು ನಡುಭಾಗಕ್ಕಿಂತ ಬಲಹೀನ. ಹಾಸಿನ ಆ ಮನೆಯೊಂದನ್ನು ಮಾತ್ರ ಕೊಯ್ದು ತೆಗೆದು, ಕೆಳಗಿನ ಮಣ್ಣು ಸರಿಪಡಿಸಿ ಮತ್ತೆ ಹಾಕಬಹುದು. ಅಂಚಿನಿಂದ ಒಂದು ಒಂದೂವರೆ ಮೀಟರ್ ಒಳಗೆ, ಅಂಚಿಗೆ ಸಮಾನಾಂತರವಾಗಿ ಸೀಳಿ, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿದ್ದರೆ ಎರೆಯ ಕೈವಾಡ ಅದೇ. ಅದರೊಳಗೆ ಸಿಮೆಂಟಿನ ಗಾರೆ ತುಂಬಬೇಡಿ. ಬೇಸಿಗೆಯಲ್ಲಿ ತುಂಬಿದ ಗಾರೆ ಮಳೆಗಾಲದಲ್ಲಿ ಕೂಡಿಕೊಳ್ಳಲು ಬಿಡದೆ ಅಂಚನ್ನು ಹೊರಕ್ಕೆ ದೂಡುತ್ತದೆ. ಮೊದಲು ಮಾಳಿಗೆಯ ಪೈಪನ್ನು ಬೇರೆಡೆ ತಿರುಗಿಸಿ, ಅಂಚಿನುದ್ದಕ್ಕೂ ಒಂದು ಮೀಟರ್ ಅಗಲಕ್ಕೆ ಮಸಾರಿ ತುಂಬಿ ಹೊರಕ್ಕೆ ಇಳಿಜಾರು ಕೊಟ್ಟು, ಚರಂಡಿ ಕಟ್ಟಿಸಿ. ಆಮೇಲೆ ಎರಡು ಮಳೆಗಾಲ, ಎರಡು ಬೇಸಿಗೆ ಬಿರುಕಿನ ಎರಡೂ ದಡಗಳಲ್ಲಿ ಗುರುತು ಹಾಕಿ ಅಗಲ ಅಳೆಯುತ್ತ ಬನ್ನಿ. ಏರಿಳಿತ ಕಡಿಮೆಯಾಗುತ್ತ ಬಂದರೆ ಹಾಸನ್ನು ಉಳಿಸಿಕೊಳ್ಳಬಹುದು, ಸೀಲಂಟ್ ಸಾಕು. ಹಾಗೇ ಮುಂದುವರಿದರೆ ನೀರು ಇನ್ನೂ ಎಲ್ಲಿಂದಲೋ ಬರುತ್ತಿದೆ. ಒಳಚರಂಡಿಯ ಪೈಪು, ನಲ್ಲಿಯ ಕೊಳವೆ, ನೆರೆಮನೆಯ ಕೈತೋಟ, ಇವುಗಳನ್ನು ಒಂದೊಂದಾಗಿ ನೋಡಿ.